ಅಪ್‌ಡೇಟ್: ಫಿಜಿಗೆ ಹೋಗಿ ಬಂದೆವು

ಫಿಜಿಯಲ್ಲಿ ಮಾಮನುದ ದ್ವೀಪಗಳು ಒಳ್ಳೆಯದೋ, ಯಸಾವಾನೋ ಅಂತ ಕೇಳಿದ್ದೆ ಅಲ್ವಾ? ಕೊನೆಗೆ ಯಸಾವಾಗೇ ಹೋದೆವು. ನಾಂದಿ ಪಟ್ಟಣದ ಪಕ್ಕದ ಡೆನರಾವು ಬಂದರಿನಲ್ಲಿ ಬೆಳಿಗ್ಗೆ ಹಳದಿ ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ಹತ್ತಿದರೆ ಉತ್ತರದ ದ್ವೀಪಗಳಿಗೆ 4 ಗಂಟೆಗೂ ಜಾಸ್ತಿ. ವಾಂತಿ ಮಾತ್ರೆ ಇಟ್ಟುಕೊಳ್ಳಿ ಅಂದವರಿಗೆ ದೊಡ್ಡ ನಮಸ್ಕಾರ!

ಸವಾ-ಇ-ಲಾವು ಸುಣ್ಣಕಲ್ಲಿನ ಗುಹೆಯಲ್ಲಿ ಈಜಿದೆವು. ಒಳಗಿನ ಗುಹೆಗೆ ನೀರಿನಡಿ ಮುಳುಗಿಯೇ ಹೋಗಬೇಕು. ಹೆಂಡತಿ ಹೋದಳು, ನಾನು ಸುಮ್ನೆ ಈಚೆ ಉಳಿದೆ. ಇಳಿತದ ಹೊತ್ತಲ್ಲಿ ಹವಳದ ಮೇಲೆ ಬರಿಗಾಲಿಟ್ಟು ಪಾದ ಕುಯ್ದುಕೊಂಡಿದ್ದೂ ಆಯ್ತು. ನೀರಿಗಿಳಿಯುವ ಶೂ ಮರೆಯಬೇಡಿ.

ಹಳ್ಳಿಗೆ ಹೋಗುವಾಗ ಕಾಣಿಕೆಯಾಗಿ ಕಾವಾ ಅನ್ನೋ ಗಿಡದ ಬೇರು ಒಯ್ದೆವು. ಅದನ್ನು ಅರೆದು ನೀರಲ್ಲಿ ಕಲಸಿ ಕೊಡ್ತಾರೆ. ರುಚಿ ಮಣ್ಣಿನ ನೀರಿನ ಹಾಗೆ, ನಾಲಿಗೆ ಜೋಮು! ವಾಪಸ್ ನಾಂದಿಯಲ್ಲಿ ಸುಬ್ರಹ್ಮಣ್ಯ ಗುಡಿಯ ಬಣ್ಣದ ಗೋಪುರ ನೋಡಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.