ರೆಸಿಡೆಂಟ್ ಈವಿಲ್ 4: ರೀಜನರೇಟರ್ ಭಯಾನೋ, ಆಶ್ಲಿ ಕಾಟಾನೋ?

ರಾತ್ರಿಪಾಳಿ: ಈ ಹಾರರ್ ವಿಡಿಯೋ ಗೇಮ್‌ನ 2005ರದ್ದು, 2023ರ ರೀಮೇಕ್ ಎರಡೂ ಮುಗಿಸಿದೆ. ನಾವು ಕಾಪಾಡಿ ಕರ್ಕೊಂಡು ಹೋಗ್ಬೇಕಾದ ಹುಡುಗಿ ಆಶ್ಲಿ ಅಂದ್ರೆ ಎಲ್ರೂ ಯಾಕೆ ಮೂಗು ಮುರೀತೀರಿ? ನನಗೆ ತಲೆನೋವು ರೀಜನರೇಟರ್ ಅನ್ನೋ ರಾಕ್ಷಸ. ಬಾಗಿಲಾಚೆ ಆ ಗೊರಗೊರ ಉಸಿರು ಕೇಳಿದ್ರೆ ಸಾಕು, ಹೆಡ್‌ಫೋನ್ ಕಿತ್ತಿಡ್ತೀನಿ. ಕಾಲಿಗೆ ಹೊಡೆದ್ರೆ ತೆವಳ್ಕೊಂಡು ಬಂದು ಮೈಮೇಲೆ ಹಾರುತ್ತೆ, ಕಾಲೂ ಮತ್ತೆ ಬೆಳೆಯುತ್ತೆ. ಅದಕ್ಕೆ ಅವಸರವೇ ಇಲ್ಲ ನೋಡಿ, ಅದೇ ಹೆದರಿಕೆ.

ಗುಂಡುಖಾಲಿ: ಹಳೇ ಆಟದಲ್ಲಿ ಆಶ್ಲಿಗೆ ಬೇರೆ ಹೆಲ್ತ್ ಬಾರ್ (ಪ್ರಾಣ ಎಷ್ಟು ಉಳಿದಿದೆ ಅಂತ ತೋರಿಸೋ ಪಟ್ಟಿ) ಇತ್ತು ಮಾರಾಯ್ರೇ. ಗಾಯ ವಾಸಿ ಮಾಡೋ ನಮ್ಮ ಗಿಡಮೂಲಿಕೆಲಿ ಅವಳಿಗೂ ಪಾಲು! ಯಾವನೋ ಹೆಗಲ ಮೇಲೆ ಹೊತ್ಕೊಂಡು ಓಡ್ತಿದ್ರೆ ಇವಳ ಕಿರುಚಾಟ ಬೇರೆ. ಆದ್ರೂ ಕಸದ ಡಬ್ಬದಲ್ಲಿ ಬಚ್ಚಿಡಬಹುದಿತ್ತು ಅನ್ನಿ. ರೀಮೇಕಲ್ಲಿ ಆ ಬಾರ್ ತೆಗೆದ್ರು. ಬಿದ್ರೆ ಎಬ್ಬಿಸಿದ್ರಾಯ್ತು, ತಡ ಮಾಡಿ ಮತ್ತೆ ಏಟು ಬಿದ್ರೆ ಮಾತ್ರ ಕಥೆ ಮುಗೀತು.

ಪಿಸ್ತೂಲ್‌ಪುಟ್ಟ: ರಾತ್ರಿಪಾಳಿ, ಹ್ಯಾಂಡ್‌ಗನ್ನಲ್ಲಿ ಗುಂಡು ಪೋಲು ಮಾಡ್ಬೇಡಿ. ರೀಮೇಕಲ್ಲಾದ್ರೆ ರೈಫಲ್‌ಗೆ ಬಯೋಸೆನ್ಸರ್ ಸ್ಕೋಪ್ ಹಾಕಿ, ಒಳಗಿನ ಪರಾವಲಂಬಿಗಳು ಕೆಂಪಗೆ ಕಾಣ್ತವೆ. ಒಂದೊಂದಾಗಿ ಒಡೀರಿ. ಎದುರಿಂದ ಎಲ್ಲಾ ಒಡೆದ್ರೂ ಸಾಯ್ಲಿಲ್ವಾ? ಬೆನ್ನಲ್ಲಿ ಇನ್ನೊಂದು ಇರುತ್ತೆ.

ರಾತ್ರಿಪಾಳಿ: ಬೆನ್ನು ನೋಡೋಕೆ ಅದರ ಹಿಂದೆ ಹೋಗ್ಬೇಕಲ್ಲ ಸ್ವಾಮಿ! ಜೊತೆಗಾರ ಅಂದ್ರೆ ರೀಮೇಕಿನ ಲೂಯಿಸ್. ಗಣಿಯಲ್ಲಿ ಮಾತೂ ಆಡ್ತಾನೆ, ಡೈನಮೈಟೂ ಎಸೀತಾನೆ. ರೀಜನರೇಟರ್ ಇರೋ ಲ್ಯಾಬಿಗೂ ಅವನನ್ನೇ ಕಳಿಸಿದ್ರೆ ಏನು ಹೋಗ್ತಿತ್ತು?