ಟರ್ನರ್ ಮೇಷ್ಟ್ರನ್ನ ಕೇಳಿ: ಮನೆ ಲೇತ್, ಮಾಡೆಲ್ ಎಂಜಿನ್ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಟೂಲ್‌ರೂಮಲ್ಲಿ ಮೂವತ್ತು ವರ್ಷ ಕೈ ಕಪ್ಪು ಮಾಡ್ಕೊಂಡಿರೋ ನಮ್ಮ ಟರ್ನರ್ ಮೇಷ್ಟ್ರು ಇವತ್ತು ಸಂಜೆ ಸಿಗ್ತಾರೆ. ಮನೇಲಿ ಲೇತ್ (ರಾಡು ತಿರುಗಿಸಿ ಕಡೆಯೋ ಮೆಷೀನು) ಇಟ್ಕೊಂಡಿರೋರು, ಮಾಡೆಲ್ ಮಾಡ್ತಿರೋರು ಡೌಟ್ ಕೇಳಿ. ಒಬ್ರಿಗೆ ಒಂದೇ ಪ್ರಶ್ನೆ, ಫಾರ್ವರ್ಡ್ ಮಾತ್ರ ಬೇಡ ದಯವಿಟ್ಟು.

ಪಾರ್ಟಿಂಗ್ ಪೀಡಿತ: ಸಾರ್ ಚಿಕ್ಕ ಲೇತು, 20 ಎಂಎಂ ಮೈಲ್ಡ್ ಸ್ಟೀಲ್ ರಾಡು. ಪಾರ್ಟಿಂಗ್ ಟೂಲ್ (ರಾಡು ತುಂಡು ಮಾಡೋ ತೆಳು ಬ್ಲೇಡು) ಒಳಗೆ ಹೋಗ್ತಿದ್ದಂಗೆ ಗರಗರ ಅಂತ ಇಡೀ ಮೇಜೇ ನಡುಗುತ್ತೆ, ಆಮೇಲೆ ಟಕ್ ಅಂತ ಬ್ಲೇಡ್ ಮುರಿಯುತ್ತೆ. ಇದು ಮೂರನೇ ಬ್ಲೇಡು.

ಟರ್ನರ್ ಮೇಷ್ಟ್ರು: ಬ್ಲೇಡ್ ಎಷ್ಟು ಉದ್ದ ಚಾಚಿದೆ? 20 ಎಂಎಂ ರಾಡಿಗೆ 12 ಎಂಎಂ ಹೊರಗಿದ್ರೆ ಧಾರಾಳ ಆಯ್ತು. ಚಕ್‌ಗೆ, ಅಂದ್ರೆ ರಾಡು ಕಚ್ಚಿ ಹಿಡಿಯೋ ಭಾಗಕ್ಕೆ, ಆದಷ್ಟು ಹತ್ರ ಕತ್ತರಿಸಿ. ಟೂಲ್ ತುದಿ ರಾಡಿನ ಸೆಂಟರ್ ಎತ್ತರಕ್ಕೆ ಸರಿಯಾಗಿ ಇರ್ಲಿ, ಟೂಲ್ ಹೊತ್ತು ಜಾರೋ ಕ್ಯಾರೇಜ್ ಲಾಕ್ ಮಾಡಿ, ಸ್ಲೈಡಿನ ಅಲುಗಾಟ ತಡೆಯೋ ಗಿಬ್ ಪಟ್ಟಿ ಸಡಿಲ ಇದ್ರೆ ಬಿಗಿ ಮಾಡಿ, ಸ್ಪೀಡ್ ಇಳಿಸಿ, ಎಣ್ಣೆ ಬಿಡಿ. ಮತ್ತೆ ಹೆದರ್ಕೊಂಡು ಹಿಂದೆ ಮುಂದೆ ಆಡಿಸ್ಬೇಡಿ. ಫೀಡ್ ನಿಂತ್ರೆ ಟೂಲು ಕತ್ತರಿಸಲ್ಲ, ಉಜ್ಜುತ್ತೆ, ನಡುಕ ಶುರುವಾಗೋದೇ ಅಲ್ಲಿ.

ಹೊಸ ಲೇತ್: ನಮಸ್ತೆ ಸಾರ್. 12 ಎಂಎಂ ರಾಡು ಚಕ್‌ನಲ್ಲಿ ಹಿಡಿದು 100 ಎಂಎಂ ಉದ್ದ ಟರ್ನ್ ಮಾಡಿದೆ, ಚಕ್ ಹತ್ರ ಸಣ್ಣ, ಹೊರಗಿನ ತುದೀಲಿ 0.08 ಎಂಎಂ ದಪ್ಪ. ಹೆಡ್‌ಸ್ಟಾಕ್ (ಚಕ್ ತಿರುಗಿಸೋ ಭಾಗ) ಬಿಚ್ಚಿ ಅಲೈನ್ ಮಾಡ್ಲಾ?

ಟರ್ನರ್ ಮೇಷ್ಟ್ರು: ಮೊದ್ಲು ಆ ಸ್ಪ್ಯಾನರ್ ಕೆಳಗಿಡಿ! 12 ಎಂಎಂ ರಾಡು 100 ಎಂಎಂ ಹೊರಗೆ ಜೋತಾಡ್ತಿದ್ರೆ ಟೂಲ್ ತಳ್ಳಿದ ಕಡೆ ಬಾಗುತ್ತೆ, ಅದಕ್ಕೇ ತುದೀಲಿ ದಪ್ಪ ಉಳಿಯುತ್ತೆ. ತಪ್ಪು ಹೆಡ್‌ಸ್ಟಾಕಿನದೋ ರಾಡಿನದೋ ಗೊತ್ತಾಗ್ಬೇಕು ಅಂದ್ರೆ 30 ಎಂಎಂ ದಪ್ಪದ ರಾಡು ತಗೊಂಡು ಎರಡೂ ತುದೀಲಿ ಒಂದೊಂದು ಕಾಲರ್ (ಬಳೆ ಥರ ದಪ್ಪ ಭಾಗ) ಬಿಟ್ಟು ಮಧ್ಯ ಇಳಿಸಿ, ಆಮೇಲೆ ಟೂಲನ್ನ ರಾಡಿನ ಕಡೆ ಸರಿಸೋ ಕ್ರಾಸ್ ಸ್ಲೈಡ್ ಮುಟ್ಟದೇ ಒಂದೇ ಸೆಟ್ಟಿಂಗಲ್ಲಿ ಎರಡೂ ಕಾಲರ್ ಮೇಲೆ ತೆಳುವಾಗಿ ಒಂದು ಕಟ್ ಹೊಡೆದು ಮೈಕ್ರೋಮೀಟರ್ ಹಿಡೀರಿ. ಎರಡೂ ಒಂದೇ ಬಂದ್ರೆ ಲೇತ್ ನೆಟ್ಟಗಿದೆ. ಬರ್ಲಿಲ್ಲ ಅಂದ್ರೂ ಮೊದ್ಲು ಬೆಡ್ (ಲೇತಿನ ಉದ್ದದ ಅಡಿಭಾಗ) ಕೂತಿರೋ ಮೇಜು ಸಮ ಇದ್ಯಾ ನೋಡಿ, ಬೋಲ್ಟ್ ಬಿಗಿ ಮಾಡೋವಾಗ ಬೆಡ್ ತಿರುಚ್ಕೊಂಡಿರುತ್ತೆ.

ಸ್ಟೀಮ್ ಹುಚ್ಚ: ಮೇಷ್ಟ್ರೇ, ನನ್ ಮೊದಲ ಬಾಯ್ಲರ್ ಮುಗೀತು! 75 ಎಂಎಂ ತಾಮ್ರದ ಟ್ಯೂಬು, ಗೋಡೆ 1.5 ಎಂಎಂ, ಎರಡು ತುದಿಗೂ ಚಪ್ಪಟೆ ಪ್ಲೇಟ್, ವಾಲ್ವು, ಪೈಪು ಕೂರೋ ಬುಶ್ಶೆಲ್ಲ ಹಿತ್ತಾಳೆ. 60/40 ತವರ-ಸೀಸದ ಸೋಲ್ಡರಲ್ಲಿ ನೀಟಾಗಿ ಬೆಸೆದಿದೀನಿ. ಸೈಕಲ್ ಪಂಪಲ್ಲಿ 3 ಬಾರ್ ಗಾಳಿ ತುಂಬಿ ಬಕೆಟ್ ನೀರಲ್ಲಿ ಮುಳುಗಿಸಿ ನೋಡ್ದೆ, ಒಂದೇ ಒಂದು ಗುಳ್ಳೆ ಇಲ್ಲ. ಭಾನುವಾರ ಅಕ್ಕನ ಮಗನ ಮುಂದೆ ಗ್ಯಾಸ್ ಬರ್ನರ್ ಹಚ್ಚಿ 3 ಬಾರಲ್ಲಿ ಓಡಿಸ್ಬೇಕು ಅಂತ. ಸೇಫ್ಟಿ ವಾಲ್ವ್ ಸ್ಪ್ರಿಂಗ್‌ಗೆ ಎಷ್ಟು ಗೇಜ್ ತಂತಿ ಹಾಕ್ಲಿ?

ಟರ್ನರ್ ಮೇಷ್ಟ್ರು: ಭಾನುವಾರ ಬೆಂಕಿ ಹಚ್ಚಬೇಡಿ. ಸ್ಪ್ರಿಂಗ್ ವಿಷಯ ಆಮೇಲೆ.

ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಗಾಳಿಯಿಂದ ಟೆಸ್ಟ್ ಮಾಡಿದ್ರಲ್ಲ, ಆವತ್ತು ನಿಮ್ ಅದೃಷ್ಟ ಚೆನ್ನಾಗಿತ್ತು. ಗಾಳಿ ಅಂದ್ರೆ ಅದುಮಿಟ್ಟ ಸ್ಪ್ರಿಂಗ್ ಇದ್ದಂಗೆ, ಜಾಯಿಂಟ್ ಬಿಟ್ರೆ ಪ್ಲೇಟ್ ಹಾರುತ್ತೆ. ನೀರು ಹಿಸುಕಿದ್ರೆ ಕುಗ್ಗಲ್ಲ, ಅದಕ್ಕೇ ಬಿಟ್ರೂ ಪಿಚಕ್ ಅಂತ ಒಂದು ಹನಿ ಚಿಮ್ಮಿ ಒತ್ತಡ ಇಳಿದುಹೋಗುತ್ತೆ. ಬಾಯ್ಲರ್ ಟೆಸ್ಟ್ ಯಾವಾಗ್ಲೂ ನೀರಲ್ಲಿ, ಒಳಗೆ ಒಂದು ಗುಳ್ಳೆ ಗಾಳಿನೂ ಇಲ್ದಂಗೆ ತುಂಬಿ, ಓಡಿಸೋ ಒತ್ತಡದ ಎರಡರಷ್ಟಕ್ಕೆ.

ಟ್ಯೂಬಿನ ಗೋಡೆ ಬಗ್ಗೆ ನಂಗೆ ಚಿಂತೆ ಇಲ್ಲ. 3 ಬಾರಿಗೆ ಅದರ ಮೇಲೆ ಬೀಳೋ ಎಳೆತ ಚದರ ಎಂಎಂಗೆ 7.5 ನ್ಯೂಟನ್, ಕಾಯಿಸಿ ಮೆತ್ತಗಾದ ತಾಮ್ರನೂ ಕಡಿಯೋಕೆ ಸುಮಾರು 200 ಬೇಕು. ಚಿಂತೆ ಇರೋದು ಆ ಚಪ್ಪಟೆ ಪ್ಲೇಟಿನದು. 75 ಎಂಎಂ ಪ್ಲೇಟ್ ಮೇಲೆ 3 ಬಾರ್ ಅಂದ್ರೆ ಹತ್ರ ಹತ್ರ 135 ಕೆಜಿ. ಒಬ್ಬ ಭಾರಿ ಆಸಾಮಿ ಒಳಗಿಂದ ಒದೀತಾ ನಿಂತಂಗೆ, ಅದನ್ನ ಹಿಡ್ಕೊಂಡಿರೋದು ಸುತ್ತ ಒಂದು ಗೆರೆ ಸೋಲ್ಡರ್ ಅಷ್ಟೇ.

ಆ ಸೋಲ್ಡರ್ ಕರಗೋಕೆ ಶುರುವಾಗೋದು 183 ಡಿಗ್ರಿಗೆ. 3 ಬಾರ್ ಸ್ಟೀಮು 144 ಡಿಗ್ರಿ ಇರುತ್ತೆ. "40 ಡಿಗ್ರಿ ಅಂತರ ಇದ್ಯಲ್ಲ" ಅಂತೀರ. ತವರ-ಸೀಸದ ಬೆಸುಗೆ ಕರಗೋಕೆ ಮುಂಚೇನೇ ಬಲ ಕಳ್ಕೊಂಡಿರುತ್ತೆ, ಬಿಸೀಲಿ ಭಾರ ಹೊತ್ತು ನಿಂತ್ರೆ ನಿಧಾನಕ್ಕೆ ಜಾರ್ತಾ ಹೋಗುತ್ತೆ. ಇನ್ನು ನೀರು ಕಮ್ಮಿಯಾಗಿ ಬರ್ನರ್ ಮೇಲಿನ ತಾಮ್ರ ಒಣಗಿತು ಅಂದ್ರೆ 183 ದಾಟೋಕೆ ಕ್ಷಣ ಸಾಕು. ಆಗ ಪ್ಲೇಟ್ ಕಳಚ್ಕೊಳ್ಳುತ್ತೆ, ಉಳಿದ ನೀರು 100 ಡಿಗ್ರಿಗಿಂತ ಬಿಸಿ ಇರೋದ್ರಿಂದ ಒತ್ತಡ ಹೋದ ಕೂಡ್ಲೆ ಅದರಲ್ಲಿ ಒಂದು ಪಾಲು ಅಲ್ಲೇ ಆವಿಯಾಗುತ್ತೆ, ಆವಿಯಾದ ನೀರಿಗೆ ಸುಮಾರು 1,600 ಪಟ್ಟು ಜಾಗ ಬೇಕು. ಆ ಜಾಗದಲ್ಲಿ ನಿಮ್ ಅಕ್ಕನ ಮಗ ಬಗ್ಗಿ ನೋಡ್ತಾ ನಿಂತಿರ್ತಾನೆ.

ಹಿತ್ತಾಳೆ ಬುಶ್ಶೂ ಬೇಡ. ಬಿಸಿ ನೀರಲ್ಲಿ ವರ್ಷಗಟ್ಲೆ ಇದ್ರೆ ಅದರಲ್ಲಿರೋ ಸತು ಕರಗಿಹೋಗಿ ಸ್ಪಂಜಿನಂಥ ತಾಮ್ರ ಉಳಿಯುತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಗನ್‌ಮೆಟಲ್ ಅಥ್ವಾ ಕಂಚು ಹಾಕಿ.

ಮಿಲ್ಲಿಂಗ್ ಮಾಮ: ಮೇಷ್ಟ್ರು ಸುಮ್ನೆ ಹೆದರಿಸ್ತಾರೆ. ಹಳೇ ಆಟಿಕೆ ಬಾಯ್ಲರ್‌ಗಳಲ್ಲಿ ಎಷ್ಟೋ ಸಾಫ್ಟ್ ಸೋಲ್ಡರ್ದೇ ಇವೆ, ನನ್ ಹತ್ರನೇ ಒಂದಿದೆ, ಇನ್ನೂ ಓಡುತ್ತೆ.

ಟರ್ನರ್ ಮೇಷ್ಟ್ರು: ಎಷ್ಟು ಬಾರಲ್ಲಿ?

ಮಿಲ್ಲಿಂಗ್ ಮಾಮ: ಗೇಜ್ ಇಲ್ಲ ಅದಕ್ಕೆ.

ಟರ್ನರ್ ಮೇಷ್ಟ್ರು: ಸರಿ ಹಾಗಾದ್ರೆ.

ಫಾರ್ವರ್ಡ್ ಅಂಕಲ್: 🙏 ಎಲ್ಲರಿಗೂ ಹಂಚಿ 🙏 ಬಾಯ್ಲರ್, ಪೈಪ್ ಯಾವುದೇ ಲೀಕ್‌ಗೆ ರಾಮಬಾಣ! ಸೂಪರ್‌ಗ್ಲೂ ಹಚ್ಚಿ ಮೇಲೆ ಅಡುಗೆ ಸೋಡಾ ಉದುರಿಸಿ, ಕ್ಷಣದಲ್ಲಿ ಕಲ್ಲಿನಂತೆ ಗಟ್ಟಿ!!

ಟರ್ನರ್ ಮೇಷ್ಟ್ರು: ಅಡ್ಮಿನ್, ಇದನ್ನ ತೆಗೀರಿ. ಸಾಮಾನ್ಯ ಸೂಪರ್‌ಗ್ಲೂ 80 ಡಿಗ್ರಿ ಸುಮಾರಿಗೆ ಸೋಲೋಕೆ ಶುರು. ಬಾಯ್ಲರಲ್ಲಿ ನೀರು ಕುದಿಯೋಕೂ ಮುಂಚೆ. ಪ್ಲಾಸ್ಟಿಕ್ ಡಬ್ಬಿ ಮುರಿದ್ರೆ ಹಚ್ಕೊಳ್ಳಿ.

ಕಾರ್ಬೈಡ್ ಭಕ್ತ: ಸಾರ್ ಚಿಕ್ಕ ಲೇತ್‌ಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಒಳ್ಳೇದಾ ಕಾರ್ಬೈಡಾ? ನಾನಂತೂ ಕಾರ್ಬೈಡ್ ಬಿಟ್ಟು ಬೇರೆ ಮುಟ್ಟಲ್ಲ.

ಮಿಲ್ಲಿಂಗ್ ಮಾಮ: ಅರ್ಧ ಕುದುರೆ ಶಕ್ತಿ ಮೋಟರ್‌ಗೆ ಕಾರ್ಬೈಡ್ ಯಾಕ್ರೀ. ಅದಕ್ಕೆ ಸ್ಪೀಡ್ ಬೇಕು, ಒತ್ತಿ ಕತ್ತರಿಸೋ ಗಟ್ಟಿ ಮೆಷೀನ್ ಬೇಕು. ಎಚ್‌ಎಸ್‌ಎಸ್ ಗ್ರೈಂಡ್ ಮಾಡೋಕೆ ಬರ್ದೇ ಇರೋರು ಕಾರ್ಬೈಡ್ ಅಂತಾರೆ.

ಕಾರ್ಬೈಡ್ ಭಕ್ತ: ಅಲ್ಯುಮಿನಿಯಂಗೆ ಅಂತ ಬರೋ ಪಾಲಿಶ್ ಮಾಡಿದ ಚೂಪು ಇನ್ಸರ್ಟ್ (ಬದಲಾಯಿಸೋ ಕಾರ್ಬೈಡ್ ತುದಿ) ಸ್ಟೀಲಿಗೂ ಹಾಕಿ ನೋಡಿ, ಸಣ್ಣ ಲೇತಲ್ಲೂ ಕನ್ನಡಿ ಥರ ಫಿನಿಶ್ ಬರುತ್ತೆ. ನೋಡ್ದೇ ಮಾತಾಡೋದು ಸುಲಭ.

ಮಿಲ್ಲಿಂಗ್ ಮಾಮ: ತುದಿ ಚಕ್ಕೆ ಎದ್ದಾಗ ಆ ಕನ್ನಡೀಲಿ ನಿಮ್ ಮುಖ ನೋಡ್ಕೊಳ್ಳಿ.

ಬೀಡು ಕಬ್ಬಿಣ: ಇಬ್ರೂ ಸರಿನೇ ಬಿಡ್ರಪ್ಪ, ಕಾಸ್ಟಿಂಗ್ ಮೇಲಿನ ಗಟ್ಟಿ ಚರ್ಮ ಸುಲಿಯೋಕೆ ಕಾರ್ಬೈಡ್, ಒಳಗೆ ಹೋದ್ಮೇಲೆ ಎಚ್‌ಎಸ್‌ಎಸ್. ನನ್ ಪ್ರಶ್ನೆ ಬೇರೆ ಇತ್ತು ಮೇಷ್ಟ್ರೇ, ಬೀಡಿನ ಸಿಲಿಂಡರ್ ಬೋರ್ ಲ್ಯಾಪ್ ಮಾಡೋಕೆ (ಉಜ್ಜಿ ನುಣುಪು ಮಾಡೋಕೆ) ಅಲ್ಯುಮಿನಿಯಂ ಲ್ಯಾಪ್ ಆಗುತ್ತಾ ತಾಮ್ರದ್ದೇ ಬೇಕಾ?

ಕಾರ್ಬೈಡ್ ಭಕ್ತ: ಯಾರ್ ನಿಮ್ಮನ್ನ ಪಂಚಾಯ್ತಿಗೆ ಕರೆದ್ರು?

ಹೊಸ ಪಾಲಿಶ್: ಸಾರ್, ನನ್ ಲೇತಲ್ಲಿ ಪಾರ್ಟಿಂಗ್ ಮಾಡುವಾಗ ಚಾಟರ್ (ನಡುಕ) ಬರುತ್ತೆ, ಏನ್ ಮಾಡ್ಲಿ?

ಟರ್ನರ್ ಮೇಷ್ಟ್ರು: ಮೇಲೆ ಬರೆದಿದೀನಿ.

ಫಾರ್ವರ್ಡ್ ಅಂಕಲ್: ಲೇತಲ್ಲಿ ಕೈಗೆ ಗಾಯ ಆಗದಂತೆ ಪಾಲಿಶ್ ಮಾಡೋ ಉಪಾಯ: ದಪ್ಪ ಹತ್ತಿ ಗ್ಲೌಸ್ ಹಾಕಿ, ಎಮರಿ ಬಟ್ಟೆಯನ್ನು ರಾಡಿಗೆ ಸುತ್ತಿ ಬಿಗಿಯಾಗಿ ಹಿಡಿಯಿರಿ. 👍

ಹೊಸ ಪಾಲಿಶ್: ಸೂಪರ್ ಅಂಕಲ್, ಟ್ರೈ ಮಾಡ್ತೀನಿ.

ಟರ್ನರ್ ಮೇಷ್ಟ್ರು: ಮಾಡ್ಬೇಡಿ! ಗ್ಲೌಸ್ ಸಿಕ್ಕಾಕೊಂಡ್ರೆ ಕೈನೂ ಅದರ ಜೊತೆ ಹೋಗುತ್ತೆ, ಲೇತ್ ನಿಮ್ಮನ್ನ ಕೇಳಿ ನಿಲ್ಲಲ್ಲ. ತಿರುಗೋ ರಾಡಿಗೆ ಯಾವ್ದನ್ನೂ ಸುತ್ತಬಾರ್ದು, ಎಮರಿ ಪಟ್ಟಿಯ ಎರಡು ತುದಿ ಎರಡು ಕೈಲಿ ಬೇರೆ ಬೇರೆ ಹಿಡೀರಿ, ಬೆರಳಿಗೆ ಸುತ್ಕೋಬೇಡಿ, ಇಲ್ಲಾಂದ್ರೆ ಮರದ ಕಡ್ಡಿಗೆ ಅಂಟಿಸಿ. ಗ್ಲೌಸ್, ಉದ್ದ ತೋಳು, ಉಂಗುರ ಯಾವ್ದೂ ಬೇಡ. ಅಂಕಲ್, ನೀವು ಯಾವತ್ತಾದ್ರೂ ಲೇತ್ ಮುಂದೆ ನಿಂತಿದೀರಾ?

ಫಾರ್ವರ್ಡ್ ಅಂಕಲ್: ನನಗೆ ಬಂದಿದ್ದನ್ನು ಹಂಚಿದೆ ಅಷ್ಟೇ. ಒಳ್ಳೆಯ ಉದ್ದೇಶ.

ಸ್ಟೀಮ್ ಹುಚ್ಚ: ಮೇಷ್ಟ್ರೇ, ನೀವು ಹೇಳ್ದಂಗೆ ನೀರು ತುಂಬಿ ಕೈಪಂಪಲ್ಲಿ 6 ಬಾರ್ ಏರಿಸ್ದೆ. ಅರ್ಧ ಗಂಟೆ ಮುಳ್ಳು ಅಲ್ಲಾಡ್ಲಿಲ್ಲ!! ಎರಡರಷ್ಟು ಪಾಸ್. ಈಗ ಓಕೆನಾ?

ಟರ್ನರ್ ಮೇಷ್ಟ್ರು: ಇಲ್ಲ. ನಂಗೆ ಭಯ ಇದ್ದಿದ್ದೇ ಇದು. ತಣ್ಣೀರಲ್ಲಿ ಆ ಬೆಸುಗೆ ಗಟ್ಟಿನೇ ಇರುತ್ತೆ, ಪಾಸಾಗೋದ್ರಲ್ಲಿ ಆಶ್ಚರ್ಯ ಏನಿಲ್ಲ. ಟೆಸ್ಟ್ ಹೇಳೋದು ತಣ್ಣಗಿದ್ದಾಗಿನ ಕಥೆ, ನೀವು ಓಡಿಸೋದು 144 ಡಿಗ್ರೀಲಿ. ನೀರಿನ ಟೆಸ್ಟ್ ಅನ್ನೋದು ಸರಿಯಾದ ಬೆಸುಗೆ ಹಾಕಿದ ಬಾಯ್ಲರ್‌ಗೆ, ತಪ್ಪು ಬೆಸುಗೇನ ಸರಿ ಮಾಡೋಕಲ್ಲ.

ಸ್ಟೀಮ್ ಹುಚ್ಚ: ಹಾಗಾದ್ರೆ ಅದರ ಮೇಲೇನೇ ಸಿಲ್ವರ್ ಸೋಲ್ಡರ್ ಹಾಕ್ತೀನಿ.

ಟರ್ನರ್ ಮೇಷ್ಟ್ರು: ಆಗಲ್ಲ. ಸಿಲ್ವರ್ ಸೋಲ್ಡರ್ ಹರಿಯೋದು 600 ಡಿಗ್ರಿ ಮೇಲೆ. ಅಷ್ಟು ಕಾಯಿಸಿದ್ರೆ ಹತ್ಕೊಂಡಿರೋ ಸೀಸ, ತವರ ತಾಮ್ರಾನ ತಿನ್ನುತ್ತೆ, ಜಾಯಿಂಟ್ ಹಪ್ಪಳ ಆಗುತ್ತೆ. ಬುಶ್ ಜಾಗದಲ್ಲೆಲ್ಲ ಸೀಸ ಅಂಟಿದೆ, ಕೆರೆದು ಪೂರ್ತಿ ಹೋಗಿಸ್ತೀನಿ ಅನ್ನೋದು ಸುಳ್ಳು. ಹೊಸ ಟ್ಯೂಬು ತಗೊಳ್ಳಿ. ಪ್ಲೇಟಿನ ಅಂಚು ಫಾರ್ಮರ್ (ಆಕಾರ ಕೊಡೋ ಅಚ್ಚು) ಮೇಲೆ ಬಡಿದು ಮಡಚಿ, ಗಟ್ಟಿಯಾದಾಗೆಲ್ಲ ಕೆಂಪಗೆ ಕಾಯಿಸಿ ಮೆತ್ತಗೆ ಮಾಡ್ಕೊಳ್ಳಿ, ಎರಡು ಪ್ಲೇಟಿನ ನಡುವೆ ಅವನ್ನ ಎಳೆದು ಹಿಡಿಯೋ ಸ್ಟೇ ರಾಡ್ ಹಾಕಿ. ಫ್ಲಕ್ಸ್ (ಬೆಸುಗೆ ಹತ್ತೋಕೆ ಹಚ್ಚೋದು) ಗಾಜಿನಂಗೆ ನೀರಾದಾಗ ಸಿಲ್ವರ್ ಸೋಲ್ಡರ್ ಕಡ್ಡಿ ಮುಟ್ಟಿಸಿ, ಕಡ್ಡೀನ ಜ್ವಾಲೆ ಕರಗಿಸಬಾರ್ದು, ತಾಮ್ರದ ಬಿಸಿ ಕರಗಿಸ್ಬೇಕು. ಕಡ್ಡಿ ಕ್ಯಾಡ್ಮಿಯಂ ಇಲ್ದೇ ಇರೋದು ನೋಡಿ ತಗೊಳ್ಳಿ, ಹಳೇ ಸ್ಟಾಕಲ್ಲಿ ಕ್ಯಾಡ್ಮಿಯಂ ಇರುತ್ತೆ, ಅದರ ಹೊಗೆ ಕೊಲ್ಲುತ್ತೆ. ಸೇಫ್ಟಿ ವಾಲ್ವ್ ಬರ್ನರ್ ಪೂರ್ತಿ ಉರೀತಿದ್ದಾಗ್ಲೂ ಅಷ್ಟೂ ಸ್ಟೀಮ್ ಹೊರಗೆ ಬಿಡ್ಬೇಕು, ಒತ್ತಡ 10 ಪರ್ಸೆಂಟ್‌ಗಿಂತ ಜಾಸ್ತಿ ಏರ್ಬಾರ್ದು. ಸ್ಪ್ರಿಂಗ್ ಲೆಕ್ಕ ಅದಾದ್ಮೇಲೆ ಮಾಡೋಣ.

ಸ್ಟೀಮ್ ಹುಚ್ಚ: ನಾಲ್ಕು ತಿಂಗಳ ಕೆಲ್ಸ ಮೇಷ್ಟ್ರೇ. ಒಂದೇ ಮಾತಲ್ಲಿ ಗುಜರಿಗೆ ಹಾಕು ಅಂತೀರ.

ಟರ್ನರ್ ಮೇಷ್ಟ್ರು: ನಿಮ್ ಟರ್ನಿಂಗ್ ಕೆಲ್ಸ ಫೋಟೋದಲ್ಲಿ ನೋಡ್ದೆ, ಅಚ್ಚುಕಟ್ಟಾಗಿದೆ. ಬಾಯ್ಲರ್ ಮಾತ್ರ ಗುಜರಿಗೆ ಹಾಕಿ.

ಸ್ಟೀಮ್ ಹುಚ್ಚ: ಭಾನುವಾರ ಹುಡುಗನಿಗೆ ಏನ್ ತೋರಿಸ್ಲಿ?

ಟರ್ನರ್ ಮೇಷ್ಟ್ರು: ಎಂಜಿನ್‌ಗೆ ನೇರವಾಗಿ ಗಾಳಿ ಕೊಟ್ಟು ಓಡಿಸಿ, ಒಂದು ಬಾರ್ ಸಾಕು, ಎಣ್ಣೆ ಹನಿ ಬಿಡೋದು ಮರೀಬೇಡಿ. ಚೆನ್ನಾಗಿ ತಿರುಗುತ್ತೆ.

ಮಿಲ್ಲಿಂಗ್ ಮಾಮ: ಅಯ್ಯೋ ಈಗ್ ತಾನೇ ಗಾಳಿ ಬೇಡ ಅಂದ್ರಲ್ಲ?

ಟರ್ನರ್ ಮೇಷ್ಟ್ರು: ಬಾಯ್ಲರ್‌ಗೆ. ಬಾಯ್ಲರ್‌ಗೆ ಬೇಡ ಅಂದೆ.

ಬೀಡು ಕಬ್ಬಿಣ: ಮೇಷ್ಟ್ರೇ ಆ ಲ್ಯಾಪ್ ವಿಷಯ...

ಲೇತ್ ಆಸೆ: ಗ್ರೂಪಿಗೆ ಹೊಸಬ ಸಾರ್. ಪಾರ್ಟಿಂಗ್ ಮಾಡುವಾಗ ಟೂಲ್ ನಡುಗುತ್ತೆ ಯಾಕೆ?

ಅಡ್ಮಿನ್: ಮೇಷ್ಟ್ರು ಆಫ್‌ಲೈನ್ ಹೋದ್ರು. ಕಾಮೆಂಟ್ ಕ್ಲೋಸ್ ಮಾಡ್ತಿದೀನಿ.