ಲೋಡ್ ಬಿದ್ದಾಗ ದಿಢೀರ್ ಆರಿಹೋಗುವ ಪಿಸಿ: ತಪ್ಪು ಎಸ್‌ಎಂಪಿಎಸ್‌ನದ್ದೇ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ?

ಮೂಲೆಮೇಜು:

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್. ಆರು ಕೋರ್‌ನ 65 ವ್ಯಾಟ್ ಪ್ರೊಸೆಸರ್, 220 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್. ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) 550 ವ್ಯಾಟ್‌ನದು, ಸೆಮಿ ಮಾಡ್ಯುಲರ್ (ಕೆಲವು ಕೇಬಲ್‌ಗಳನ್ನು ಕಿತ್ತು ಹಾಕಬಹುದಾದದ್ದು), ಆರು ವರ್ಷ ಹಳೆಯದು. ಕಾರ್ಡ್‌ನ ಎರಡು 8 ಪಿನ್ ಸಾಕೆಟ್‌ಗಳಿಗೂ ಒಂದೇ ಕೇಬಲ್‌ನ ಎರಡು ಕವಲು ಹೋಗಿವೆ.

ಭಾರೀ ಗೇಮ್ ಶುರುವಾಗಿ ಹತ್ತಿಪ್ಪತ್ತು ನಿಮಿಷಕ್ಕೆ ಇಡೀ ಪಿಸಿ ಒಮ್ಮೆಲೇ ಆರಿಹೋಗುತ್ತದೆ. ಬ್ಲೂ ಸ್ಕ್ರೀನ್ ಬರುವುದಿಲ್ಲ, ಫ್ಯಾನ್‌ಗಳೂ ನಿಲ್ಲುತ್ತವೆ. ಕೆಲವು ಸಲ ತಾನಾಗಿಯೇ ಬೂಟ್ ಆಗುತ್ತದೆ. ಇನ್ನು ಕೆಲವು ಸಲ ಬಟನ್ ಒತ್ತಿದರೂ ಏಳುವುದಿಲ್ಲ, ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು. ಬೆಳಿಗ್ಗೆ ಮೊದಲ ಸಲ ಆನ್ ಮಾಡುವಾಗಲೂ ಬಟನ್ ಒತ್ತಿದ ಕೂಡಲೇ ಶುರುವಾಗುವುದಿಲ್ಲ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಮಾತ್ರ, ಬಗ್‌ಚೆಕ್ ಕೋಡ್ (ಬ್ಲೂ ಸ್ಕ್ರೀನ್‌ನ ದೋಷ ಸಂಖ್ಯೆ) 0. ಪ್ರೊಸೆಸರ್, ಕಾರ್ಡ್ ಎರಡರ ಉಷ್ಣತೆಯೂ 75 ಡಿಗ್ರಿ ದಾಟಿಲ್ಲ. ಬಯಾಸ್‌ನಲ್ಲಿ 12 ವೋಲ್ಟ್ ಲೈನ್ 12.1 ತೋರಿಸುತ್ತದೆ, ಗೇಮ್ ನಡೆಯುವಾಗ ಎಚ್‌ಡಬ್ಲ್ಯುಇನ್ಫೋ ಎಂಬ ಸೆನ್ಸರ್ ತೋರಿಸುವ ತಂತ್ರಾಂಶದಲ್ಲಿ 11.3. ಹಸಿರು ತಂತಿಯನ್ನು ಕಪ್ಪಿಗೆ ಜೋಡಿಸಿ ನೋಡಿದರೆ ಎಸ್‌ಎಂಪಿಎಸ್ ಫ್ಯಾನ್ ತಿರುಗುತ್ತದೆ. ಅಂದಮೇಲೆ ಎಸ್‌ಎಂಪಿಎಸ್ ಸರಿ ಇದೆ ಎಂದು ಬಿಟ್ಟುಬಿಡಬಹುದೇ? ಕಾರ್ಡ್ ಅಥವಾ ಬೋರ್ಡ್‌ನ ಮೇಲೆ ಅನುಮಾನಪಡಬೇಕೇ? ಮಲ್ಟಿಮೀಟರ್ ಇದೆ.

ತಾಮ್ರತಂತಿ:

ಬಿಡುವ ಹಾಗಿಲ್ಲ. ಹಸಿರು ತಂತಿಯ ಪರೀಕ್ಷೆಯಿಂದ ತಿಳಿಯುವುದು ಒಂದೇ: ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ. ಆಗ ಅದರ ಮೇಲೆ ಬೀಳುವ ಲೋಡ್ ಫ್ಯಾನ್‌ನದಷ್ಟೇ, ಒಂದೆರಡು ವ್ಯಾಟ್. ನಿಮ್ಮ ತೊಂದರೆ ಬರುವುದು 300 ವ್ಯಾಟ್ ದಾಟಿದ ಮೇಲೆ. ಬಯಾಸ್‌ನ 12.1 ಕೂಡ ಇದೇ ಕಾರಣಕ್ಕೆ ಉಪಯೋಗವಿಲ್ಲ, ಬಯಾಸ್ ಪರದೆಯಲ್ಲಿ ಕಾರ್ಡ್ ಸುಮ್ಮನೆ ಕೂತಿರುತ್ತದೆ.

ಕರ್ನಲ್ ಪವರ್ 41 ಎಂದರೆ "ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ" ಎಂದು ವಿಂಡೋಸ್ ಮತ್ತೆ ಎದ್ದಮೇಲೆ ಬರೆದುಕೊಂಡ ಟಿಪ್ಪಣಿ. ಅದರಲ್ಲಿ ಕಾರಣ ಇರುವುದಿಲ್ಲ. ಆದರೆ ಬಗ್‌ಚೆಕ್ 0 ಇರುವುದು, ಪಕ್ಕದಲ್ಲಿ ಡಬ್ಲ್ಯುಎಚ್‌ಇಎ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್) ದೋಷಗಳು ಇಲ್ಲದಿರುವುದು ಒಂದು ಸುಳಿವು: ವಿಂಡೋಸ್‌ಗೆ ಏನನ್ನೂ ಬರೆಯಲು ಸಮಯ ಸಿಗುವ ಮೊದಲೇ ವಿದ್ಯುತ್ ಹೋಗಿದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಪಿಸಿ ಆರುವ ರೀತಿ. ಚಿತ್ರ ಹೆಪ್ಪುಗಟ್ಟಿ ಧ್ವನಿ ಗರಗರ ಎನ್ನುತ್ತಾ ಉಳಿದರೆ ಮೊದಲು ರ‍್ಯಾಮ್, ಡ್ರೈವರ್ ನೋಡಬೇಕು. ಪರದೆ ಕಪ್ಪಾಗಿ ಕಾರ್ಡ್‌ನ ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲಿ ಕಿರುಚಿದರೆ ಕಾರ್ಡ್ ಅಥವಾ ಅದಕ್ಕೆ ಹೋಗುವ ಕರೆಂಟ್. ನಿಮ್ಮದು ಎರಡೂ ಅಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ ಹಾಕುವವರೆಗೂ ಏಳುವುದಿಲ್ಲ ಎಂದರೆ ಎಸ್‌ಎಂಪಿಎಸ್‌ನ ಒಳಗಿನ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಂಡಿದೆ ಎಂದರ್ಥ: ಓವರ್ ಕರೆಂಟ್, ಓವರ್ ಪವರ್, ಓವರ್ ಟೆಂಪರೇಚರ್ ಅಥವಾ ಅಂಡರ್ ವೋಲ್ಟೇಜ್. ತಾನಾಗಿಯೇ ಮತ್ತೆ ಬೂಟ್ ಆಗುವ ಸಲಗಳಲ್ಲಿ ಬಹುಪಾಲು ನಡೆದಿರುವುದು ಬೇರೆ: ವೋಲ್ಟೇಜ್ ಸರಿ ಇದೆ ಎಂದು ಎಸ್‌ಎಂಪಿಎಸ್ ಬೋರ್ಡ್‌ಗೆ ಹೇಳುವ ಪವರ್ ಗುಡ್ ಸಿಗ್ನಲ್ ಕ್ಷಣಕಾಲ ಬಿದ್ದು ಬೋರ್ಡ್ ರಿಸೆಟ್ ಆಗಿದೆ.

ಇನ್ನು ಅಳತೆ. ಎಚ್‌ಡಬ್ಲ್ಯುಇನ್ಫೋದ 11.3 ಅನ್ನು ಹಾಗೇ ನಂಬಬೇಡಿ. ಅದು ಬೋರ್ಡ್‌ನ ಸೆನ್ಸರ್ ಚಿಪ್ ಎರಡು ರೆಸಿಸ್ಟರ್‌ಗಳ ಮೂಲಕ ಊಹಿಸಿದ ಸಂಖ್ಯೆ. ಐಡಲ್‌ಗೂ (ಪಿಸಿ ಸುಮ್ಮನಿರುವಾಗ) ಲೋಡ್‌ಗೂ ಎಷ್ಟು ಕುಸಿಯಿತು ಎಂಬುದನ್ನು ಮಾತ್ರ ಅದರಿಂದ ತೆಗೆದುಕೊಳ್ಳಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಪಿಸಿ ನಡೆಯುತ್ತಿರುವಾಗಲೇ ಕನೆಕ್ಟರ್‌ನ ಹಿಂಭಾಗದಿಂದ, ತಂತಿ ಒಳಹೋಗುವ ಜಾಗದಲ್ಲಿ ಪ್ರೋಬ್ ಇಳಿಸಿ. ಪ್ರೋಬ್‌ನ ತುದಿ ಪಕ್ಕದ ಪಿನ್‌ಗೆ ತಾಗಿದರೆ ಶಾರ್ಟ್ ಆಗುತ್ತದೆ, ಆದ್ದರಿಂದ ತೆಳ್ಳಗಿನ ಪ್ರೋಬ್ ಇರಲಿ, ತುದಿಯ 2 ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ. ಕಪ್ಪು ಪ್ರೋಬ್ ಅದೇ ಕನೆಕ್ಟರ್‌ನ ಕಪ್ಪು ತಂತಿಯಲ್ಲೇ ಇರಬೇಕು, ಕ್ಯಾಬಿನೆಟ್‌ನ ತಗಡಿಗಲ್ಲ.

ಬೋರ್ಡ್‌ಗೆ ಹೋಗುವ 24 ಪಿನ್ ಕನೆಕ್ಟರ್‌ನಲ್ಲಿ ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ನೇರಳೆ 5 ವೋಲ್ಟ್ ಸ್ಟ್ಯಾಂಡ್‌ಬೈ (ಪಿಸಿ ಆಫ್ ಇದ್ದಾಗಲೂ ಬರುವುದು), ಬೂದು ಪವರ್ ಗುಡ್, ಹಸಿರು ಆನ್ ಮಾಡುವ ತಂತಿ. ತಂತಿಗಳೆಲ್ಲ ಕಪ್ಪಗಿದ್ದರೆ ಪಿನ್ ಎಣಿಸಿ: 10 ಮತ್ತು 11 ಹನ್ನೆರಡು ವೋಲ್ಟ್, 9 ಸ್ಟ್ಯಾಂಡ್‌ಬೈ, 8 ಪವರ್ ಗುಡ್, 16 ಆನ್ ಮಾಡುವ ತಂತಿ. ಎಟಿಎಕ್ಸ್ (ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಮಾನದಂಡ) ಒಪ್ಪುವ ಏರಿಳಿತ ಶೇ 5. ಅಂದರೆ 12ರ ಲೈನ್ 11.40ರಿಂದ 12.60, 5ರದ್ದು 4.75ರಿಂದ 5.25, 3.3ರದ್ದು 3.14ರಿಂದ 3.47.

ಮೊದಲು ಐಡಲ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಪ್ರೊಸೆಸರ್ ದುಡಿಸುವ ಪ್ರೈಮ್95 ಮಾತ್ರ, ಆಮೇಲೆ ಕಾರ್ಡ್ ದುಡಿಸುವ ಫರ್‌ಮಾರ್ಕ್ ಮಾತ್ರ, ಕೊನೆಗೆ ಎರಡೂ ಒಟ್ಟಿಗೆ, ಒಂದೊಂದು ಹತ್ತು ನಿಮಿಷ. 24 ಪಿನ್‌ನಲ್ಲಿ ಒಮ್ಮೆ, ಕಾರ್ಡ್‌ನ 8 ಪಿನ್‌ನಲ್ಲಿ ಒಮ್ಮೆ. ಎರಡು ಜಾಗದ ವ್ಯತ್ಯಾಸ ಕೇಬಲ್‌ನದು, ಐಡಲ್‌ಗೂ ಲೋಡ್‌ಗೂ 24 ಪಿನ್‌ನಲ್ಲಿ ಆಗುವ ಕುಸಿತ ಬಹುಮಟ್ಟಿಗೆ ಎಸ್‌ಎಂಪಿಎಸ್‌ನದು. ಈ ಎರಡನ್ನು ಬೇರೆ ಮಾಡದೆ ಹೊಸದು ಕೊಳ್ಳಬೇಡಿ.

ಇಎಸ್‌ಆರ್_ನೋಟ:

ಮೇಲಿನದಕ್ಕೆ ಸೇರಿಸುವುದಿದೆ. ನಿಮ್ಮ ಪ್ರಶ್ನೆಯಲ್ಲಿ ಯಾರೂ ಗಮನಿಸದೆ ಬಿಡಬಾರದ ಸಾಲು ಬೆಳಗಿನದು. ತಣ್ಣಗಿದ್ದಾಗ ಏಳಲು ಒದ್ದಾಡುವುದು, ಒಮ್ಮೆ ಬಿಸಿಯಾದ ಮೇಲೆ ಸರಿಯಾಗಿ ಶುರುವಾಗುವುದು ಒಣಗುತ್ತಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಲಕ್ಷಣ. ಒಳಗಿನ ದ್ರವ ಕಡಿಮೆಯಾದಂತೆ ಅದರ ಒಳರೋಧ ಏರುತ್ತದೆ, ತಣ್ಣಗಿದ್ದಾಗ ಇನ್ನೂ ಹೆಚ್ಚು. ಸ್ಟ್ಯಾಂಡ್‌ಬೈ ಸರ್ಕ್ಯೂಟ್ ಪಿಸಿ ಆಫ್ ಇದ್ದಾಗಲೂ ಹಗಲು ರಾತ್ರಿ ನಡೆಯುತ್ತಿರುತ್ತದೆ, ಆಗ ಎಸ್‌ಎಂಪಿಎಸ್‌ನ ಫ್ಯಾನ್ ನಿಂತಿರುತ್ತದೆ. ಹಾಗಾಗಿ ಅದರ ಕೆಪಾಸಿಟರ್ ಮೊದಲು ಸೋಲುವುದು ಸಾಮಾನ್ಯ.

ರಾತ್ರಿಯಿಡೀ ಆಫ್ ಇದ್ದಮೇಲೆ, ಬಟನ್ ಮುಟ್ಟುವ ಮೊದಲೇ, ನೇರಳೆ ತಂತಿ ನೋಡಿ. 4.75ಕ್ಕಿಂತ ಕೆಳಗಿದ್ದರೆ ಅಲ್ಲಿಗೆ ತೀರ್ಮಾನ ಮುಗಿಯಿತು. ಆಮೇಲೆ ಬಟನ್ ಒತ್ತುತ್ತಾ ಹಸಿರು ನೋಡಿ: ಆಫ್ ಇದ್ದಾಗ 5 ವೋಲ್ಟ್ ಆಸುಪಾಸು, ಒತ್ತಿದಾಗ 0.8ಕ್ಕಿಂತ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಎಸ್‌ಎಂಪಿಎಸ್‌ಗೆ "ಏಳು" ಎಂಬ ಆದೇಶವೇ ಬಂದಿಲ್ಲ, ತಪ್ಪು ಬಟನ್ ಅಥವಾ ಬೋರ್ಡ್‌ನದು. ಬಟನ್‌ನ ತಂತಿ ಕಿತ್ತು, ಬೋರ್ಡ್‌ನ ಪವರ್ ಸ್ವಿಚ್ ಪಿನ್ ಎರಡನ್ನು ಸ್ಕ್ರೂಡ್ರೈವರ್‌ನಿಂದ ಕ್ಷಣ ಮುಟ್ಟಿಸಿದರೆ ಯಾವುದು ಎಂದು ತಿಳಿಯುತ್ತದೆ. ಹಸಿರು ಇಳಿದೂ ಬೂದು ತಂತಿ ಅರ್ಧ ಸೆಕೆಂಡಿನೊಳಗೆ 5ರ ಹತ್ತಿರ ಏರದಿದ್ದರೆ ತಪ್ಪು ಎಸ್‌ಎಂಪಿಎಸ್ ಕಡೆಯದು, ಅಥವಾ ಅದನ್ನು ಏಳದಂತೆ ಒತ್ತಿಹಿಡಿದ ಶಾರ್ಟ್ ಎಲ್ಲೋ ಇದೆ.

ಮೀಟರ್‌ಗೆ ಒಂದು ಮಿತಿ ಇದೆ. ಅದು ಸೆಕೆಂಡಿಗೆ ಕೆಲವೇ ಸಲ ಸರಾಸರಿ ತೋರಿಸುತ್ತದೆ. ಕಾರ್ಡ್ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ತನ್ನ ವ್ಯಾಟ್‌ನ ದುಪ್ಪಟ್ಟಿನ ಹತ್ತಿರ ಎಳೆದು ವೋಲ್ಟೇಜ್ ಕುಸಿದರೆ ಮೀಟರ್‌ಗೆ ಅದು ಕಾಣುವುದೇ ಇಲ್ಲ. ರಿಪಲ್ (ಡಿಸಿ ಮೇಲೆ ಉಳಿಯುವ ವೇಗದ ಸಣ್ಣ ಏರಿಳಿತ) ಕೂಡ ಹಾಗೆಯೇ: 12 ವೋಲ್ಟ್‌ಗೆ 120 ಮಿಲಿವೋಲ್ಟ್, 5 ಮತ್ತು 3.3ಕ್ಕೆ 50 ಮಿಲಿವೋಲ್ಟ್ ಮಿತಿ, ಅದನ್ನು ಅಳೆಯಲು ಆಸಿಲೋಸ್ಕೋಪ್ ಬೇಕು. ಆದ್ದರಿಂದ ಮೀಟರ್ ಕೆಟ್ಟ ಸಂಖ್ಯೆ ತೋರಿಸಿದರೆ ಎಸ್‌ಎಂಪಿಎಸ್ ಕೆಟ್ಟಿದೆ, ಒಳ್ಳೆಯ ಸಂಖ್ಯೆ ತೋರಿಸಿದರೆ ಸರಿ ಇದೆ ಎಂದು ಅರ್ಥವಲ್ಲ.

ಪೆಟ್ಟಿಗೆ ಬಿಚ್ಚಿ ಕೆಪಾಸಿಟರ್ ನೋಡುವ ಯೋಚನೆ ಬೇಡ. ಪ್ರೈಮರಿ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಜೀವಕ್ಕೆ ಅಪಾಯ.

ಮೂಲೆಮೇಜು:

ಇಬ್ಬರಿಗೂ ಧನ್ಯವಾದ. ಅಳತೆ ಇಲ್ಲಿದೆ. 24 ಪಿನ್‌ನಲ್ಲಿ 12 ವೋಲ್ಟ್: ಐಡಲ್ 12.09, ಪ್ರೈಮ್95 ಮಾತ್ರ 11.91, ಫರ್‌ಮಾರ್ಕ್ ಮಾತ್ರ 11.62, ಎರಡೂ ಒಟ್ಟಿಗೆ 11.47. ಎರಡೂ ನಡೆಯುವಾಗ ಕಾರ್ಡ್‌ನ 8 ಪಿನ್‌ನಲ್ಲಿ 11.28, ಸ್ವಲ್ಪ ಹೊತ್ತಿಗೆ ಪಿಸಿ ಆರಿತು. ಡಬ್ಬಿಯಲ್ಲಿದ್ದ ಇದೇ ಎಸ್‌ಎಂಪಿಎಸ್‌ನ ಎರಡನೇ ಕೇಬಲ್ ಹಾಕಿ ಸಾಕೆಟ್‌ಗೆ ಒಂದೊಂದು ಕೊಟ್ಟ ಮೇಲೆ ಅಲ್ಲಿ 11.38, ಆದರೂ ಆರುತ್ತದೆ. ಕೆಂಪು, ಕಿತ್ತಳೆ ಮಿತಿಯೊಳಗಿವೆ. ನೇರಳೆ ಬೆಳಿಗ್ಗೆ ತಣ್ಣಗಿದ್ದಾಗ 4.66, ಗಂಟೆ ನಡೆದ ಮೇಲೆ 4.92. ಬಟನ್ ಒತ್ತಿದಾಗ ಹಸಿರು 0.1ಕ್ಕೆ ಇಳಿಯುತ್ತದೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿದರೂ ಇದೇ ಫಲಿತಾಂಶ.

ತಾಮ್ರತಂತಿ:

ಎಸ್‌ಎಂಪಿಎಸ್ ಹೋಗಿದೆ. 11.47 ಮಿತಿಯೊಳಗಿದೆ ಎಂದು ಸಮಾಧಾನಪಡಬೇಡಿ. 12.09ರಿಂದ 0.62 ವೋಲ್ಟ್ ಕುಸಿತ ಎಂದರೆ ಶೇ 5, ಆರೋಗ್ಯವಾಗಿರುವ ಎಸ್‌ಎಂಪಿಎಸ್ ಇದೇ ಲೋಡ್‌ಗೆ ಶೇ 2 ಕೂಡ ಇಳಿಯಬಾರದು. ನಿಮ್ಮ ಒಟ್ಟು ಲೋಡ್ ಲೆಕ್ಕ ಹಾಕಿ: ಕಾರ್ಡ್ 220, ಪ್ರೊಸೆಸರ್ ಪೂರ್ತಿ ದುಡಿದಾಗ 90ರ ಆಸುಪಾಸು, ಉಳಿದದ್ದಕ್ಕೆ 50. ಸುಮಾರು 360 ವ್ಯಾಟ್. 550ಕ್ಕೆ ಇದು ಹೊರೆಯಲ್ಲ. ಸರಾಸರಿಯೇ ಅಂಚಿಗೆ ಬಂದಿರುವಾಗ ಕಾರ್ಡ್‌ನ ಒಂದು ಕ್ಷಣದ ಎಳೆತಕ್ಕೆ ರಕ್ಷಣಾ ಸರ್ಕ್ಯೂಟ್ ಬೀಳುವುದು ಸಹಜ.

ಕೇಬಲ್ ಎರಡಾದಾಗ ಕಾರ್ಡ್‌ನ ಬಳಿಯ ನಷ್ಟ 0.19ರಿಂದ 0.09ಕ್ಕೆ ಇಳಿಯಿತು. ತಂತಿ ದುಪ್ಪಟ್ಟಾದರೆ ರೋಧ ಅರ್ಧ, ಲೆಕ್ಕ ಸರಿಯಾಗಿದೆ. ಹೊಸದರಲ್ಲೂ ಸಾಕೆಟ್‌ಗೊಂದು ಕೇಬಲ್ ಎಂಬುದನ್ನು ಬಿಡಬೇಡಿ.

ಹೊಸದು ಬರುವವರೆಗೆ ಪಿಸಿ ಬೇಕೇ ಬೇಕೆಂದರೆ ಕಾರ್ಡ್‌ನ ಪವರ್ ಲಿಮಿಟ್ ಶೇ 60ಕ್ಕೆ ಇಳಿಸಿ, ಗೇಮ್‌ನ ಫ್ರೇಮ್ ಸೆಕೆಂಡಿಗೆ 60ಕ್ಕೆ ಕಟ್ಟಿ, ಮುಖ್ಯ ಫೈಲ್‌ಗಳ ಬ್ಯಾಕಪ್ ಮೊದಲು ತೆಗೆದುಕೊಳ್ಳಿ. ಬರೆಯುತ್ತಿರುವಾಗ ಮತ್ತೆ ಮತ್ತೆ ವಿದ್ಯುತ್ ಕಡಿದರೆ ಫೈಲ್‌ಗಳು ಕೆಡುತ್ತವೆ.

ಇಎಸ್‌ಆರ್_ನೋಟ:

ನೇರಳೆಯ 4.66 ಕಂಡಮೇಲೆ ನನಗೂ ಸಂಶಯ ಉಳಿದಿಲ್ಲ. ಹಸಿರು 0.1ಕ್ಕೆ ಇಳಿಯುತ್ತಿರುವುದರಿಂದ ಬಟನ್, ಬೋರ್ಡ್ ತಮ್ಮ ಪಾಲಿನ ಕೆಲಸ ಮಾಡುತ್ತಿವೆ.

ಬದಲಿಸುವಾಗ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಹಳೆಯ ಮಾಡ್ಯುಲರ್ ಕೇಬಲ್‌ಗಳು ಅಚ್ಚುಕಟ್ಟಾಗಿ ಕಟ್ಟಿವೆ ಎಂದು ಅವನ್ನೇ ಉಳಿಸಿಕೊಂಡು ಪೆಟ್ಟಿಗೆ ಮಾತ್ರ ಬದಲಿಸಬೇಡಿ. ಬೋರ್ಡ್ ಕಡೆಯ ಪಿನ್‌ಗಳಿಗೆ ನಿಗದಿಯಾದ ಕ್ರಮ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಕನೆಕ್ಟರ್ ಸರಿಯಾಗಿ ಕೂತರೂ 5 ವೋಲ್ಟ್ ಬರಬೇಕಾದ ಕಡೆ 12 ಹೋಗಿ ಡಿಸ್ಕ್‌ಗಳು ಒಂದೇ ಏಟಿಗೆ ಸುಡುತ್ತವೆ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಕ್ರಮ ಬೇರೆ ಇರಬಹುದು. ಡಿಸ್ಕ್‌ಗೆ ಹೋಗುವ ಸಾಟಾ ಪವರ್ ಕೇಬಲ್ ಸಮೇತ ಎಲ್ಲವನ್ನೂ ತೆಗೆದು ಹೊಸ ಡಬ್ಬಿಯದ್ದನ್ನೇ ಹಾಕಿ.

ಎಟಿಎಕ್ಸ್ 3.0 ಅಥವಾ ಅದಕ್ಕಿಂತ ಹೊಸದು, 650 ವ್ಯಾಟ್ ಸಾಕು. ಆ ನಿಯಮದ ಪ್ರಕಾರ ಈ ವರ್ಗದ ಎಸ್‌ಎಂಪಿಎಸ್ ತನ್ನ ವ್ಯಾಟ್‌ನ ದುಪ್ಪಟ್ಟನ್ನು 100 ಮೈಕ್ರೋಸೆಕೆಂಡ್ ಕಾಲ ತಡೆದುಕೊಳ್ಳಬೇಕು, ನಿಮಗೆ ಬೇಕಿರುವುದೂ ಅದೇ. ಹೊಸದರ ಫ್ಯಾನ್ ಐಡಲ್‌ನಲ್ಲಿ ತಿರುಗದಿದ್ದರೆ ಗಾಬರಿ ಬೇಡ, ಕಡಿಮೆ ಲೋಡ್‌ನಲ್ಲಿ ನಿಂತೇ ಇರುವಂತೆ ಮಾಡಿದ ಮಾದರಿಗಳು ಬಹಳ ಇವೆ. ಜೋಡಿಸಿದ ಮೇಲೆ ಅದೇ ಎರಡು ಜಾಗಗಳಲ್ಲಿ, ಅದೇ ಲೋಡ್‌ನಲ್ಲಿ ಅಳೆದು ಇಲ್ಲಿ ಹಾಕಿ. 12ರ ಲೈನ್ 11.9ರ ಸುತ್ತ ನಿಂತೂ ಪಿಸಿ ಆರಿದರೆ ಆಗ ಕಾರ್ಡ್ ತೆಗೆದು, ಬೋರ್ಡ್‌ನ ವಿಡಿಯೋ ಔಟ್‌ಪುಟ್ ಇದ್ದರೆ ಅದರಿಂದ, ಇಲ್ಲದಿದ್ದರೆ ಬೇರೊಂದು ಸಣ್ಣ ಕಾರ್ಡ್‌ನಿಂದ ಪ್ರೈಮ್95 ನಡೆಸಿ ನೋಡೋಣ.